ಮಾಲೀಕರಿಲ್ಲದ ಮೊಕದ್ದಮೆ

2019ರ ಮಾರ್ಚ್ 21ರಂದು ಲಂಡನ್ನಿನ ಹೈಕೋರ್ಟಿಗೆ ಒಂದು ಅರ್ಜಿ ಬಂತು. ಅರ್ಜಿದಾರರು ಬ್ರಿಟನ್ನಿನ ಪೋಸ್ಟ್ ಆಫೀಸ್ ಲಿಮಿಟೆಡ್. ತಮ್ಮ ಮೊಕದ್ದಮೆಯ ವಿಚಾರಣೆ ನಡೆಸುತ್ತಿದ್ದ ನ್ಯಾಯಮೂರ್ತಿ ಪೀಟರ್ ಫ್ರೇಸರ್ ಪಕ್ಷಪಾತಿಯಂತೆ ಕಾಣುತ್ತಿದ್ದಾರೆ, ಅವರು ಪ್ರಕರಣದಿಂದ ಹಿಂದೆ ಸರಿಯಬೇಕು ಎಂಬುದು ಕೋರಿಕೆ. ಅದಕ್ಕೆ ಆರು ದಿನ ಮೊದಲು ಅದೇ ನ್ಯಾಯಮೂರ್ತಿ ಅದೇ ಮೊಕದ್ದಮೆಯ ಮೊದಲ ದೊಡ್ಡ ತೀರ್ಪಿನಲ್ಲಿ ಕಂಪನಿಯ ನಿಲುವನ್ನು ತಿರಸ್ಕರಿಸಿದ್ದರು. ಎರಡನೆಯ ಘಟ್ಟದ ವಿಚಾರಣೆ ಆಗಲೇ ಶುರುವಾಗಿತ್ತು. ಸೋತ ಕಕ್ಷಿದಾರ ನ್ಯಾಯಾಧೀಶರನ್ನು ದೂರುವುದು ಹೊಸದೇನಲ್ಲ. ಆದರೆ ಈ ಕಕ್ಷಿದಾರ ಸಾಮಾನ್ಯ ಕಂಪನಿಯಲ್ಲ, ಅದರ ಅಷ್ಟೂ ಷೇರು ಬ್ರಿಟಿಷ್ ಸರ್ಕಾರದ್ದು. ಎದುರು ಪಕ್ಷದಲ್ಲಿದ್ದವರು ಆ ಕಂಪನಿಗಾಗಿಯೇ ಊರೂರಿನಲ್ಲಿ ಕೌಂಟರ್ ನಡೆಸಿದ್ದ 555 ಜನ. ಸರ್ಕಾರದ ಕಂಪನಿಯೊಂದು ಹೈಕೋರ್ಟಿನ ನ್ಯಾಯಾಧೀಶರೊಬ್ಬರ ನಿಷ್ಪಕ್ಷಪಾತವನ್ನೇ ಪ್ರಶ್ನಿಸಲು ಹೊರಟಾಗ ಸರ್ಕಾರ ಏನು ಮಾಡುತ್ತಿತ್ತು? ಆಡಳಿತ ಮಂಡಳಿಯಲ್ಲಿದ್ದ ಸರ್ಕಾರದ ಪ್ರತಿನಿಧಿ ಆ ತೀರ್ಮಾನದಲ್ಲಿ ಭಾಗವಹಿಸಲಿಲ್ಲ. ಕಂಪನಿಯ ಅಧ್ಯಕ್ಷರಂತೂ ಇಂಗ್ಲೆಂಡಿನ ನ್ಯಾಯಾಲಯಗಳ ಆಡಳಿತ ನೋಡಿಕೊಳ್ಳುವ ಸಂಸ್ಥೆಗೂ ಅಧ್ಯಕ್ಷರಾಗಿದ್ದರಿಂದ ದೂರ ಉಳಿದರು. ಅಂದರೆ ಪ್ರಜೆಗಳ ಪರವಾಗಿ ಮಾಲೀಕನ ಕುರ್ಚಿಯಲ್ಲಿ ಕೂತವರು, ಮಾಲೀಕರು ಮಾತಾಡಲೇಬೇಕಾದ ಹೊತ್ತಿನಲ್ಲಿ ಮರ್ಯಾದೆಯಿಂದ ಎದ್ದು ಹೊರಗೆ ಹೋದರು.

ಈ ಉಪನ್ಯಾಸದಲ್ಲಿ ನಾನು ವಾದಿಸಹೊರಟಿರುವುದು ಇಷ್ಟು: ಬ್ರಿಟನ್ನಿನ ಅಂಚೆ ಹಗರಣ ಎಂದು ಜಗತ್ತು ಕರೆಯುವ ಈ ಪ್ರಕರಣದಲ್ಲಿ ತಂತ್ರಾಂಶದ ದೋಷಕ್ಕಿಂತ ದೊಡ್ಡ ದೋಷ ಮೇಲ್ವಿಚಾರಣೆಯದು, ಅದರಲ್ಲೂ ವ್ಯಾಜ್ಯದ ಮೇಲ್ವಿಚಾರಣೆಯದು. ಸರ್ಕಾರಿ ಒಡೆತನದ ಸಂಸ್ಥೆ ಕೋರ್ಟಿನ ಮೆಟ್ಟಿಲು ಹತ್ತಿದ ಕೂಡಲೇ ಸರ್ಕಾರದ ಕಣ್ಣು ಚುರುಕಾಗಬೇಕು. ಅಲ್ಲಿ ಆದದ್ದು ತಿರುಗುಮುರುಗು. ವ್ಯಾಜ್ಯ ನಡೆಯುತ್ತಿದೆ ಎಂಬುದೇ ಕಣ್ಣು ಮುಚ್ಚಲು ಕಾರಣವಾಯಿತು.

ಮೊದಲು ಲೆಕ್ಕದ ವಿಷಯ, ಏಕೆಂದರೆ ಮಿಕ್ಕದ್ದೆಲ್ಲ ಅಲ್ಲಿಂದ ಹುಟ್ಟಿತು. ಬ್ರಿಟನ್ನಿನ ಸಬ್ ಪೋಸ್ಟ್‌ಮಾಸ್ಟರ್ ನಮ್ಮಲ್ಲಿನಂತೆ ಇಲಾಖೆಯ ನೌಕರನಲ್ಲ. ನಮ್ಮ ನ್ಯಾಯಬೆಲೆ ಅಂಗಡಿಯವರ ಹಾಗೆ ಸ್ವಂತ ಬಂಡವಾಳ ಹಾಕಿ ಅಂಗಡಿ ಇಟ್ಟುಕೊಂಡು, ಅದರ ಒಂದು ಭಾಗದಲ್ಲಿ ಕರಾರಿನ ಮೇಲೆ ಅಂಚೆ ಕೌಂಟರ್ ನಡೆಸುವವರು ಅವರು. ಪಿಂಚಣಿ ಬಟವಾಡೆ, ಅಂಚೆಚೀಟಿ, ಬಿಲ್ ಪಾವತಿ, ಉಳಿತಾಯ ಖಾತೆ ಎಲ್ಲ ಅದೇ ಕೌಂಟರಿನಲ್ಲಿ. ತಮ್ಮ ಅಲಕ್ಷ್ಯದಿಂದಲೋ ತಪ್ಪಿನಿಂದಲೋ ಆದ ನಷ್ಟವನ್ನು ಅವರೇ ತುಂಬಿಕೊಡಬೇಕು ಎಂದು ಕರಾರು ಹೇಳುತ್ತಿತ್ತು. 1999ರಿಂದ ಈ ಕೌಂಟರುಗಳಿಗೆಲ್ಲ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂತು. ಅದನ್ನು ಕಟ್ಟಿದ್ದು ಜಪಾನಿನ ಫುಜಿತ್ಸು ಒಡೆತನದ ಐಸಿಎಲ್. ಯೋಜನೆ ಶುರುವಾದಾಗ ಅದರ ಉದ್ದೇಶವೇ ಬೇರೆ ಇತ್ತು: ಸರ್ಕಾರದ ಪಿಂಚಣಿ ಮತ್ತು ಭತ್ಯೆಗಳನ್ನು ಕಾರ್ಡಿನ ಮೂಲಕ ಹಂಚುವುದು. 1999ರ ಮೇ ತಿಂಗಳಲ್ಲಿ ಸರ್ಕಾರ ಆ ಕಾರ್ಡಿನ ಭಾಗವನ್ನು ಕೈಬಿಟ್ಟು, ಉಳಿದ ಲೆಕ್ಕದ ಭಾಗವನ್ನು ಅಂಚೆಗೆ ಉಳಿಸಿಕೊಂಡಿತು. ಇದನ್ನು ನೆನಪಿಡಬೇಕು. ‘ಅದು ಕಂಪನಿಯ ಆಂತರಿಕ ಯಂತ್ರ, ನಮಗೇನು ಗೊತ್ತು’ ಎಂದು ಮುಂದೆ ಹೇಳಿದ ಸರ್ಕಾರ ಆ ಯಂತ್ರ ಹುಟ್ಟಿದ ಮನೆಯಲ್ಲೇ ಇತ್ತು.

ಲೆಕ್ಕದ ಅವಧಿ ಮುಗಿದಾಗ ಪೋಸ್ಟ್‌ಮಾಸ್ಟರ್ ಪೆಟ್ಟಿಗೆಯಲ್ಲಿರುವ ನೋಟು, ನಾಣ್ಯ, ಅಂಚೆಚೀಟಿ ಎಣಿಸಿ ಕಂಪ್ಯೂಟರ್ ತೋರಿಸುವ ಮೊತ್ತಕ್ಕೆ ತಾಳೆ ಹಾಕಬೇಕು. ತಾಳೆಯಾಗದೆ ಹೋದರೆ ಮೊದಮೊದಲು ತಕರಾರಿನ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ವಿಚಾರಣೆಗೆ ಕಾಯಬಹುದಿತ್ತು. 2005ರಲ್ಲಿ ಆ ಸೌಲಭ್ಯ ತೆಗೆದುಹಾಕಿದರು. ಆಮೇಲೆ ಉಳಿದದ್ದು ಎರಡೇ ದಾರಿ: ಕೊರತೆಯನ್ನು ಕೈಯಿಂದ ತುಂಬುವುದು, ಇಲ್ಲವೇ ‘ಕೇಂದ್ರದಲ್ಲಿ ಇತ್ಯರ್ಥ’ ಎಂದು ಒತ್ತುವುದು. ಎರಡನೆಯದನ್ನು ಒತ್ತಿದರೆ ಕಂಪನಿ ಅದನ್ನು ಸಾಲದ ಒಪ್ಪಿಗೆ ಎಂದು ಹಿಡಿಯುತ್ತಿತ್ತು. ‘ಈ ಮೊತ್ತ ನಾನು ಒಪ್ಪುವುದಿಲ್ಲ’ ಎನ್ನಲು ಪರದೆಯ ಮೇಲೆ ಗುಂಡಿಯೇ ಇರಲಿಲ್ಲ. ಎರಡರಲ್ಲೊಂದು ಮಾಡದೆ ಮುಂದಿನ ಅವಧಿಯ ಲೆಕ್ಕ ತೆರೆಯುತ್ತಿರಲಿಲ್ಲ; ಲೆಕ್ಕ ತೆರೆಯದಿದ್ದರೆ ಬೆಳಗ್ಗೆ ಅಂಗಡಿ ತೆರೆಯುವಂತಿಲ್ಲ. ಹಾಗಾಗಿ ಅನೇಕರು ಮನೆ ಒತ್ತೆಯಿಟ್ಟು, ನೆಂಟರಲ್ಲಿ ಸಾಲ ಮಾಡಿ ತುಂಬಿದರು. ತುಂಬಲಾರದವರು ಲೆಕ್ಕ ಸರಿಯಿದೆ ಎಂದು ರುಜು ಹಾಕಿ ದಿನ ತಳ್ಳಿದರು. ಆ ರುಜುವೇ ಮುಂದೆ 1968ರ ಕಳವು ಕಾಯ್ದೆಯ ಪ್ರಕಾರ ‘ಸುಳ್ಳು ಲೆಕ್ಕ’ದ ಅಪರಾಧವಾಯಿತು.

ಯಂತ್ರ ಹೇಗೆ ತಪ್ಪುತ್ತಿತ್ತು ಎಂಬುದಕ್ಕೆ ಒಂದೇ ಪ್ರಸಂಗ ಸಾಕು. 2015ರಲ್ಲಿ ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ ಎಂಬಲ್ಲಿ ಪೋಸ್ಟ್‌ಮಿಸ್ಟ್ರೆಸ್ ಒಬ್ಬರು ಒಂದು ಶಾಖೆಯಿಂದ ಇನ್ನೊಂದಕ್ಕೆ 8,000 ಪೌಂಡ್ ನಗದು ಜಮಾ ತೋರಿಸಲು ಹೊರಟರು. ಗುಂಡಿ ಒತ್ತಿದರೂ ಪರದೆ ಅಲುಗಲಿಲ್ಲ. ಮತ್ತೆ ಮತ್ತೆ ಒತ್ತಿದರು. ಪರದೆ ನಿಂತಲ್ಲೇ ನಿಂತಿತ್ತು, ಒಳಗಿನ ಲೆಕ್ಕ ಮಾತ್ರ ಪ್ರತಿ ಒತ್ತಿಗೂ ಎಂಟೆಂಟು ಸಾವಿರ ಜಮಾ ಬರೆದುಕೊಳ್ಳುತ್ತಿತ್ತು. ಕೊನೆಗೆ ಇಲ್ಲದ 24,000 ಪೌಂಡ್ ಆ ಶಾಖೆಯ ಲೆಕ್ಕದಲ್ಲಿ ಹೆಚ್ಚುವರಿಯಾಗಿ ಕೂತಿತು. ಫುಜಿತ್ಸು ತನಿಖೆ ಮಾಡಿದಾಗ ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿ ಇಂಥದೇ 112 ಘಟನೆಗಳು ಕಂಡವು. ಐದು ವರ್ಷ! ಅಷ್ಟೂ ಕಾಲ ಕಂಪನಿ ಕೋರ್ಟುಗಳಲ್ಲೂ ಪಾರ್ಲಿಮೆಂಟಿನಲ್ಲೂ ಹೇಳುತ್ತಿದ್ದುದು ಹೊರೈಜನ್ ದೃಢವಾಗಿದೆ ಎಂದು.

ಇನ್ನು ಮೊಕದ್ದಮೆಗಳಿಗೆ ಬರೋಣ. ಇಂಗ್ಲೆಂಡಿನ ಕಾನೂನಿನಲ್ಲಿ ಯಾವ ವ್ಯಕ್ತಿಗಾದರೂ ಖಾಸಗಿಯಾಗಿ ಕ್ರಿಮಿನಲ್ ಮೊಕದ್ದಮೆ ಹೂಡುವ ಹಕ್ಕಿದೆ. ಪೋಸ್ಟ್ ಆಫೀಸ್ ಆ ಹಕ್ಕನ್ನು ಒಂದು ಇಲಾಖೆಯಂತೆಯೇ ನಡೆಸಿತು. ಕೊರತೆ ಅನುಭವಿಸಿದ್ದು ತಾನು, ಲೆಕ್ಕ ಪರಿಶೋಧಿಸಿದ್ದು ತನ್ನವರು, ವಿಚಾರಣೆಗೆ ಕೂರಿಸಿ ಪ್ರಶ್ನೆ ಕೇಳಿದ್ದು ತನ್ನವರು, ಮೊಕದ್ದಮೆ ಹೂಡಬೇಕೇ ಬೇಡವೇ ಎಂದು ತೀರ್ಮಾನಿಸಿದ್ದೂ ತನ್ನವರೇ. 1999ರಿಂದ 2015ರವರೆಗೆ ಶಿಕ್ಷೆಯಾದ 900ಕ್ಕೂ ಹೆಚ್ಚು ಜನರಲ್ಲಿ ಸುಮಾರು 700 ಮಂದಿಯ ಮೇಲೆ ಮೊಕದ್ದಮೆ ಹೂಡಿದ್ದು ಕಂಪನಿಯೇ. ಭಾರತೀಯ ಮೂಲದ ಸೀಮಾ ಮಿಶ್ರಾ 2010ರ ನವೆಂಬರಿನಲ್ಲಿ ಗರ್ಭಿಣಿಯಾಗಿದ್ದಾಗಲೇ ಹದಿನೈದು ತಿಂಗಳ ಶಿಕ್ಷೆಗೆ ಗುರಿಯಾಗಿ ಜೈಲಿಗೆ ಹೋದರು. ಇದು ಕ್ರಿಮಿನಲ್ ಕಡೆ. ಸಿವಿಲ್ ಕಡೆ ಬ್ರಿಡ್ಲಿಂಗ್ಟನ್ನಿನ ಲೀ ಕ್ಯಾಸಲ್‌ಟನ್ ಪ್ರಕರಣ ಇನ್ನೂ ಹೆಚ್ಚು ಪಾಠ ಹೇಳುತ್ತದೆ. ಕೊರತೆ ಕಂಡಾಗ ಅವರು ಸಹಾಯವಾಣಿಗೆ 91 ಸಲ ಫೋನ್ ಮಾಡಿದರು. ಕಂಪನಿ ಅವರ ಮೇಲೆ ಸುಮಾರು 25,000 ಪೌಂಡಿನ ವಸೂಲಿ ದಾವೆ ಹೂಡಿತು. ವಕೀಲರಿಗೆ ಕೊಡಲು ಹಣವಿಲ್ಲದೆ ಅವರೇ ನಿಂತು ವಾದಿಸಿದರು. 2007ರ ಜನವರಿಯಲ್ಲಿ ಸೋತರು. ಎದುರು ಕಕ್ಷಿಯ ಖರ್ಚೆಂದು 3,21,000 ಪೌಂಡ್ ಹೊರೆ ಬಿದ್ದು ದಿವಾಳಿಯಾದರು. ಇಪ್ಪತ್ತೈದು ಸಾವಿರಕ್ಕೆ ಮೂರು ಲಕ್ಷ ಸುರಿಯುವ ದಾವೆ ವಸೂಲಿಯದಲ್ಲ. ಕೊರತೆಗೆ ಯಂತ್ರವನ್ನು ದೂರಲು ಹೊರಡುವ ಮಿಕ್ಕವರಿಗೆ ಅದು ಎಚ್ಚರಿಕೆ. ಯಾವ ವ್ಯಾಪಾರಿಯೂ ತನ್ನ ಜೇಬಿನ ಹಣದಲ್ಲಿ ಇಂಥ ದಾವೆ ನಡೆಸುವುದಿಲ್ಲ. ಸಾರ್ವಜನಿಕ ಸಂಸ್ಥೆ ನಡೆಸಿತು, ಮತ್ತು ಷೇರುದಾರ ಅದರ ಲೆಕ್ಕ ಕೇಳಲಿಲ್ಲ.

ಷೇರುದಾರ ಯಾರು? 2012ರವರೆಗೆ ಪೋಸ್ಟ್ ಆಫೀಸ್ ರಾಯಲ್ ಮೇಲ್ ಸಮೂಹದ ಒಳಗಿತ್ತು, ಆ ಸಮೂಹವೂ ಆಗ ಸರ್ಕಾರದ್ದೇ. 2012ರ ಏಪ್ರಿಲಿನಿಂದ ಅದು ನೇರವಾಗಿ ವಾಣಿಜ್ಯ ಇಲಾಖೆಯ ಕೆಳಗೆ ಬಂತು. ಸರ್ಕಾರದ ಷೇರುಗಳನ್ನು ನೋಡಿಕೊಳ್ಳಲು ಷೇರ್‌ಹೋಲ್ಡರ್ ಎಕ್ಸಿಕ್ಯೂಟಿವ್ ಎಂಬ ಘಟಕವಿತ್ತು. ಮುಂದೆ ಅದು ಯುಕೆಜಿಐ ಎಂಬ ಸಂಸ್ಥೆಯ ಭಾಗವಾಯಿತು. 2012ರಿಂದ ಈ ಕಡೆಯ ಒಬ್ಬ ಅಧಿಕಾರಿ ಕಂಪನಿಯ ಆಡಳಿತ ಮಂಡಳಿಯಲ್ಲೇ ನಿರ್ದೇಶಕರಾಗಿ ಕೂತಿದ್ದರು. ಮೇಲೆ ಮಂತ್ರಿ, ಇಲಾಖೆಯ ಕಾರ್ಯದರ್ಶಿ, ಪಾರ್ಲಿಮೆಂಟು. ಕಾಗದದ ಮೇಲೆ ಇಷ್ಟು ಕಣ್ಣುಗಳಿದ್ದ ಕಂಪನಿ ಕಡಿಮೆ. ಆದರೆ ಹಗರಣ ಬಯಲಿಗೆಳೆದ ಆಲನ್ ಬೇಟ್ಸ್ 2010ರಲ್ಲಿ ಮಂತ್ರಿಯ ಭೇಟಿ ಕೇಳಿದಾಗ, ಅಂಚೆ ಸಚಿವರಾಗಿದ್ದ ಎಡ್ ಡೇವಿ ಭೇಟಿಯಿಂದ ಪ್ರಯೋಜನವಿಲ್ಲ ಎಂದು ಉತ್ತರ ಬರೆದರು. ಹೊರೈಜನ್ ವಿಷಯ ಕಂಪನಿಯ ದೈನಂದಿನ ವ್ಯವಹಾರಕ್ಕೂ ಕರಾರಿಗೂ ಸೇರಿದ್ದು, ಸರ್ಕಾರದ್ದಲ್ಲ ಎಂಬ ನಿಲುವು ಆ ಪತ್ರದಲ್ಲಿತ್ತು. ಪಕ್ಷಗಳು ಬದಲಾದರೂ ಒಬ್ಬರ ನಂತರ ಒಬ್ಬರಂತೆ ಬಂದ ಸಚಿವರ ಪತ್ರಗಳ ಧಾಟಿ ಬದಲಾಗಲಿಲ್ಲ.

ಈ ‘ಕೈಯಳತೆ ದೂರ’ದ ತತ್ವ ತಾನಾಗಿ ಕೆಟ್ಟದ್ದಲ್ಲ. ಯಾವ ಊರಿನ ಶಾಖೆ ಮುಚ್ಚಬೇಕು, ಯಾರಿಗೆ ಗುತ್ತಿಗೆ ಕೊಡಬೇಕು ಎಂಬುದರಲ್ಲೆಲ್ಲ ಮಂತ್ರಿ ಕೈಹಾಕಿದರೆ ಸಂಸ್ಥೆ ಉಳಿಯುವುದಿಲ್ಲ. ನಿಗಮ ಮಂಡಳಿಗಳ ಕಥೆ ಕಂಡ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ತಪ್ಪಾದದ್ದು ವರ್ಗೀಕರಣದಲ್ಲಿ. ಅಂಚೆಚೀಟಿ ಮಾರುವುದು ವ್ಯವಹಾರ. ಒಬ್ಬ ಪ್ರಜೆಯನ್ನು ಕಳ್ಳನೆಂದು ಕಟಕಟೆಗೆ ತರುವುದು ವ್ಯವಹಾರವಲ್ಲ, ಅದು ರಾಜ್ಯಶಕ್ತಿಯ ಪ್ರಯೋಗ. ಪೊಲೀಸರು ತಂದ ಪ್ರಕರಣವಾದರೆ ಸ್ವತಂತ್ರ ಪ್ರಾಸಿಕ್ಯೂಷನ್ ಸೇವೆ ನೋಡುತ್ತಿತ್ತು, ಅದರ ಮೇಲೆ ಅಟಾರ್ನಿ ಜನರಲ್ ಇದ್ದರು. ಪೋಸ್ಟ್ ಆಫೀಸ್ ತಂದ ಪ್ರಕರಣಗಳ ಮೇಲೆ ಆ ಮೇಲ್ವಿಚಾರಣೆಯೂ ಇರಲಿಲ್ಲ. ಖಾಸಗಿ ವ್ಯಕ್ತಿಯ ಹಕ್ಕು, ಸರ್ಕಾರದ ಖಜಾನೆ, ನೂರಾರು ವರ್ಷದ ಸಂಸ್ಥೆಯ ಹೆಸರು, ಮೂರೂ ಒಂದೇ ಕೈಯಲ್ಲಿ. ಭಾರತದ ಸುಪ್ರೀಂ ಕೋರ್ಟ್ 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಿಂದ ಮೊದಲ್ಗೊಂಡು ಇದಕ್ಕೆ ಬೇರೆ ದಾರಿ ಹಿಡಿದಿದೆ: ಸರ್ಕಾರದ ಕೈಯಾಗಿ ಕೆಲಸ ಮಾಡುವ ಕಂಪನಿ ಕಂಪನಿಯ ವೇಷ ತೊಟ್ಟ ಮಾತ್ರಕ್ಕೆ ರಾಜ್ಯಕ್ಕಿರುವ ಕಟ್ಟುಪಾಡು ತಪ್ಪುವುದಿಲ್ಲ. ನಮ್ಮಲ್ಲಿ ಅದು ಎಷ್ಟು ಪಾಲನೆಯಾಗುತ್ತದೆ ಎಂಬುದು ಬೇರೆ ಮಾತು. ತತ್ವವಂತೂ ಸರಿಯಾದ ಜಾಗದಲ್ಲಿ ಗೆರೆ ಎಳೆಯುತ್ತದೆ.

ಈಗ ನನ್ನ ವಾದದ ತಿರುಳಿಗೆ. ವ್ಯಾಜ್ಯವೇ ಮೇಲ್ವಿಚಾರಣೆಯನ್ನು ಕೊಂದದ್ದು ಹೇಗೆಂದು 2012ರಿಂದ 2019ರವರೆಗಿನ ಘಟನೆಗಳಲ್ಲಿ ಹೆಜ್ಜೆಹೆಜ್ಜೆಗೂ ಕಾಣುತ್ತದೆ. ಸಂಸದ ಜೇಮ್ಸ್ ಆರ್ಬತ್‌ನಾಟ್ ಮತ್ತು ಸಂಗಡಿಗರ ಒತ್ತಡದಿಂದ 2012ರಲ್ಲಿ ಸೆಕೆಂಡ್ ಸೈಟ್ ಎಂಬ ಲೆಕ್ಕತನಿಖೆಯ ಸಂಸ್ಥೆಯನ್ನು ಕಂಪನಿ ನೇಮಿಸಿತು. ಅದರ ಮಧ್ಯಂತರ ವರದಿ 2013ರ ಜುಲೈನಲ್ಲಿ ಬಂತು. ಅದೇ ತಿಂಗಳು ಕಂಪನಿಯ ಪರವಾಗಿ ಕೆಲಸ ಮಾಡುತ್ತಿದ್ದ ವಕೀಲ ಸೈಮನ್ ಕ್ಲಾರ್ಕ್ ಒಂದು ಲಿಖಿತ ಸಲಹೆ ಕೊಟ್ಟರು: ಮೊಕದ್ದಮೆಗಳಲ್ಲಿ ಹೊರೈಜನ್ ಪರ ತಜ್ಞಸಾಕ್ಷಿ ಹೇಳುತ್ತಿದ್ದ ಫುಜಿತ್ಸು ಎಂಜಿನಿಯರ್ ತನಗೆ ಗೊತ್ತಿದ್ದ ದೋಷಗಳನ್ನು ಕೋರ್ಟಿಗೆ ತಿಳಿಸಿಲ್ಲ, ಆತನ ಸಾಕ್ಷ್ಯವನ್ನು ಇನ್ನು ನೆಚ್ಚುವಂತಿಲ್ಲ. ಸರಿಯಾದ ಮೇಲ್ವಿಚಾರಣೆಯಿದ್ದಲ್ಲಿ ಆ ಕಾಗದ ಮರುದಿನವೇ ಮಂತ್ರಿಯ ಮೇಜಿನ ಮೇಲಿರಬೇಕಿತ್ತು. ಜೈಲಿಗೆ ಹೋಗಿಬಂದವರ ಕೈಗೆ ಅದರ ವಿಷಯ ತಲುಪಿದ್ದು 2020ರ ಕೊನೆಯಲ್ಲಿ, ಮೇಲ್ಮನವಿ ನ್ಯಾಯಾಲಯದಲ್ಲಿ. ಏಳು ವರ್ಷ ಅದು ‘ವಕೀಲರ ಗೋಪ್ಯ ಸಲಹೆ’ ಎಂಬ ಹಣೆಪಟ್ಟಿಯಡಿ ಕಡತದಲ್ಲಿತ್ತು. 2015ರ ಮಾರ್ಚಿನಲ್ಲಿ ಸೆಕೆಂಡ್ ಸೈಟ್‌ಗೆ ಕೊಟ್ಟ ಕೆಲಸವನ್ನು ಕಂಪನಿ ಮುಗಿಸಿತು.

ಆಗೊಮ್ಮೆ ಸರ್ಕಾರ ಎಚ್ಚತ್ತಂತೆ ಕಂಡಿತು. ಸಚಿವೆ ನೆವಿಲ್-ರೋಲ್ಫ್ ಹೊಸ ಅಧ್ಯಕ್ಷ ಟಿಮ್ ಪಾರ್ಕರ್ ಅವರಿಗೆ ಎಲ್ಲವನ್ನೂ ಹೊಸಗಣ್ಣಿನಿಂದ ನೋಡಲು ಹೇಳಿದರು. ಪಾರ್ಕರ್ ಹಿರಿಯ ವಕೀಲ ಜೊನಾಥನ್ ಸ್ವಿಫ್ಟ್ ಅವರಿಂದ ಪರಿಶೀಲನೆ ಮಾಡಿಸಿದರು. 2016ರ ಆರಂಭದಲ್ಲಿ ಬಂದ ಆ ವರದಿ ಸರಿಯಾದ ಪ್ರಶ್ನೆಗಳನ್ನೇ ಎತ್ತಿತ್ತು: ಕಳವಿಗೆ ಪುರಾವೆ ಸಾಲದಿದ್ದರೂ ಕಳವಿನ ಆರೋಪ ಹೊರಿಸಲಾಗಿದೆಯೇ, ಶಾಖೆಯ ಲೆಕ್ಕವನ್ನು ದೂರದಿಂದ ತಿದ್ದಲು ಸಾಧ್ಯವಿತ್ತೇ ಎಂಬುದನ್ನು ಇನ್ನೂ ಶೋಧಿಸಬೇಕು ಎಂದಿತು. ಮಂತ್ರಿಗೆ ಹೋದದ್ದು ಸಾರಾಂಶದ ಪತ್ರ, ಪೂರ್ತಿ ವರದಿಯಲ್ಲ. ಅಷ್ಟರಲ್ಲಿ ಬೇಟ್ಸ್ ಮತ್ತು ಸಂಗಡಿಗರು ಹೈಕೋರ್ಟಿನಲ್ಲಿ ಮೊಕದ್ದಮೆ ಹೂಡಿದರು. ಜೂನ್ ಹೊತ್ತಿಗೆ ವಕೀಲರ ಸಲಹೆಯಂತೆ ಪರಿಶೀಲನೆಯ ಮುಂದಿನ ಕೆಲಸ ನಿಂತುಹೋಯಿತು. ಇನ್ನು ಏನಿದ್ದರೂ ಮೊಕದ್ದಮೆಯ ಒಳಗೇ ನಡೆಯಲಿ ಎಂಬುದು ಕಾರಣ. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಂತ್ರ ಸರಿಯಿದೆಯೇ ಎಂದು ಸರ್ಕಾರವೇ ಕೇಳಿದ ಪ್ರಶ್ನೆ, ಯಂತ್ರ ಸರಿಯಿಲ್ಲ ಎಂದು ಜನ ಕೋರ್ಟಿಗೆ ಹೋದರು ಎಂಬ ಕಾರಣಕ್ಕೆ ನಿಂತಿತು. ಹೆಚ್ಚು ತುರ್ತಾಗಿ ಕೇಳಬೇಕಾದ ಗಳಿಗೆಯಲ್ಲೇ ಅದನ್ನು ವಕೀಲರ ಕೈಗೊಪ್ಪಿಸಿದರು. ವಕೀಲರ ಕೆಲಸ ಸತ್ಯ ಹುಡುಕುವುದಲ್ಲ, ಕಕ್ಷಿದಾರನನ್ನು ಗೆಲ್ಲಿಸುವುದು. ಅದು ಅವರ ತಪ್ಪೂ ಅಲ್ಲ.

ಮುಂದಿನದು ಗೊತ್ತಿರುವ ಕಥೆ. ಕಂಪನಿಯೂ ಸರ್ಕಾರವೂ ಮೊಕದ್ದಮೆಯ ಗೋಪ್ಯ ಕಾಗದಗಳನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಒಪ್ಪಂದಪತ್ರ ಆದದ್ದು 2018ರಲ್ಲಿ, ಮೊಕದ್ದಮೆ ಹೂಡಿ ಎರಡು ವರ್ಷವಾದ ಮೇಲೆ. ನ್ಯಾಯಮೂರ್ತಿ ಫ್ರೇಸರ್, ಕಂಪನಿ ಈ ವ್ಯಾಜ್ಯವನ್ನು ಸಾಧ್ಯವಾದಷ್ಟು ಕಷ್ಟವೂ ದುಬಾರಿಯೂ ಮಾಡಲು ಹೊರಟಂತಿದೆ ಎಂದು ತೀರ್ಪಿನಲ್ಲೇ ಬರೆದರು. ಅವರನ್ನು ತೆಗೆಯಬೇಕೆಂಬ ಅರ್ಜಿ ಏಪ್ರಿಲ್ 9ರಂದು ಬಿತ್ತು; ಮೇ ತಿಂಗಳಲ್ಲಿ ಮೇಲ್ಮನವಿಗೆ ಅನುಮತಿಯೂ ಸಿಗಲಿಲ್ಲ. ಡಿಸೆಂಬರಿನಲ್ಲಿ 57.75 ಮಿಲಿಯನ್ ಪೌಂಡಿಗೆ ರಾಜಿಯಾಯಿತು. ಅದರಲ್ಲಿ ಸುಮಾರು 46 ಮಿಲಿಯನ್ ಪೌಂಡ್ ವಕೀಲರಿಗೂ ಮೊಕದ್ದಮೆಗೆ ಬಂಡವಾಳ ಹಾಕಿದವರಿಗೂ ಹೋಯಿತು. ರಾಜಿಯಾದ ಕೆಲವೇ ದಿನಕ್ಕೆ, ಡಿಸೆಂಬರ್ 16ರಂದು ಬಂದ ತೀರ್ಪು ಹೊರೈಜನ್ ನಂಬಲರ್ಹವಲ್ಲ ಎಂದಿತು. ಕಂಪನಿಯ ನಿಲುವನ್ನು ಭೂಮಿ ಚಪ್ಪಟೆಯೆಂದು ಈ ಶತಮಾನದಲ್ಲಿ ಸಾಧಿಸುವುದಕ್ಕೆ ಹೋಲಿಸಿತು. ಗೆದ್ದವರಿಗೆ ತಲಾ ಇಪ್ಪತ್ತು ಸಾವಿರದ ಆಸುಪಾಸು ಉಳಿಯಿತು. ಅದು ಅನ್ಯಾಯವೆಂದು ಒಪ್ಪಿ 2022ರ ಮಾರ್ಚಿನಲ್ಲಿ ಸರ್ಕಾರವೇ ಈ 555 ಜನರಲ್ಲಿ ಶಿಕ್ಷೆಯಾಗದಿದ್ದವರಿಗೆ ಹೊಸ ಪರಿಹಾರ ಯೋಜನೆ ಪ್ರಕಟಿಸಬೇಕಾಯಿತು. ಅಂದರೆ ವ್ಯಾಜ್ಯ ನಡೆಸಲು ಒಮ್ಮೆ, ರಾಜಿಗೆ ಒಮ್ಮೆ, ರಾಜಿಯ ಅನ್ಯಾಯ ಸರಿಪಡಿಸಲು ಮತ್ತೊಮ್ಮೆ: ಹೇಗೆ ತಿರುಗಿಸಿದರೂ ಹೊರೆ ಸಾರ್ವಜನಿಕರದ್ದೇ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವುಳ್ಳದ್ದು, ಮಂತ್ರಿ ಕೋರ್ಟಿನ ವಿಷಯದಲ್ಲಿ ತಲೆಹಾಕಬಾರದು ಎಂಬುದು. ವಿಚಾರಣೆಯಲ್ಲಿರುವ ಪ್ರಕರಣದ ಬಗ್ಗೆ ಅಧಿಕಾರಸ್ಥರು ಮಾತಾಡಬಾರದು ಎಂಬ ಸಂಪ್ರದಾಯಕ್ಕೆ ಒಳ್ಳೆಯ ಕಾರಣವಿದೆ. ಆದರೆ ಆ ಸಂಪ್ರದಾಯ ಕಾಯುವುದು ನ್ಯಾಯಾಧೀಶರನ್ನು, ಕಕ್ಷಿದಾರನನ್ನಲ್ಲ. ನ್ಯಾಯಾಧೀಶರಿಗೆ ಏನು ತೀರ್ಪು ಕೊಡಬೇಕೆಂದು ಹೇಳುವುದು ಹಸ್ತಕ್ಷೇಪ. ತನ್ನದೇ ಕಂಪನಿಗೆ ‘ಯಾವ ಪುರಾವೆಯ ಮೇಲೆ ಈ ಮೊಕದ್ದಮೆ ನಡೆಸುತ್ತಿದ್ದೀರಿ’ ಎಂದು ಕೇಳುವುದು ಮಾಲೀಕನ ಕರ್ತವ್ಯ. ವಿಚಿತ್ರವೆಂದರೆ, ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಗೌರವವೆಂದು ಸರ್ಕಾರ ದೂರ ನಿಂತ ಅದೇ ಹೊತ್ತಿನಲ್ಲಿ ಅದರ ಕಂಪನಿ ನ್ಯಾಯಾಧೀಶರನ್ನೇ ಬದಲಿಸಲು ಹೊರಟಿತ್ತು.

ಗೋಪ್ಯತೆಯ ಆಕ್ಷೇಪವನ್ನು ವಕೀಲರು ಬಹಳ ದೊಡ್ಡದು ಮಾಡುತ್ತಾರೆ. ವಕೀಲರ ಸಲಹೆಯನ್ನು ಷೇರುದಾರನಿಗೆ ತೋರಿಸಿದರೆ ಅದು ಎದುರು ಕಕ್ಷಿಯ ಕೈಗೂ ಸಿಗಬಹುದು ಎಂಬ ಭಯ. ಭಯಕ್ಕೆ ಆಧಾರವಿಲ್ಲದಿಲ್ಲ, ಪರಿಹಾರವೂ ಇದೆ. 2018ರ ಒಪ್ಪಂದಪತ್ರ ಅದಕ್ಕೇ ಆದದ್ದು. ಎರಡು ದಿನದಲ್ಲಿ ಬರೆಯಬಹುದಾದ ಕಾಗದಕ್ಕೆ ಎರಡು ವರ್ಷ ಹಿಡಿಯಿತು ಎಂಬುದೇ ಅದು ಕಾನೂನಿನ ತೊಡಕಲ್ಲ, ಮನಸ್ಸಿನ ತೊಡಕು ಎಂಬುದನ್ನು ತೋರಿಸುತ್ತದೆ.

ಮಂತ್ರಿಗಳ ಸ್ವಂತ ಸಮರ್ಥನೆ ಬೇರೆ: ಕಂಪನಿ ನಮ್ಮನ್ನು ದಾರಿ ತಪ್ಪಿಸಿತು, ಅಧಿಕಾರಿಗಳು ಕೊಟ್ಟ ಉತ್ತರಕ್ಕೆ ರುಜು ಹಾಕಿದೆವು. ಇದರಲ್ಲಿ ನಿಜವಿದೆ, ಕನಿಕರಕ್ಕೂ ಎಡೆಯಿದೆ. ಆದರೆ ಕಂಪನಿಯ ಬಾಯಿಂದಲ್ಲದೆ ಬೇರೆ ಕಡೆಯಿಂದ ಬಂದ ಸುದ್ದಿ ಕಡಿಮೆಯಿರಲಿಲ್ಲ. ಕಂಪ್ಯೂಟರ್ ವೀಕ್ಲಿ ಪತ್ರಿಕೆ 2009ರ ಮೇ ತಿಂಗಳಲ್ಲೇ ಏಳು ಜನರ ಕಥೆ ಅಚ್ಚು ಹಾಕಿತ್ತು. ಲೆಕ್ಕ ಪರಿಶೋಧಕರಾದ ಅರ್ನ್‌ಸ್ಟ್ ಅಂಡ್ ಯಂಗ್ 2011ರಲ್ಲೇ ಫುಜಿತ್ಸು ಸಿಬ್ಬಂದಿ ವ್ಯವಸ್ಥೆಯೊಳಗೆ ಹೊಕ್ಕು ಬರುವುದರ ಮೇಲಿನ ಹಿಡಿತ ಸಡಿಲವಾಗಿದೆ ಎಂದು ಬರೆದುಕೊಟ್ಟಿದ್ದರು. 2015ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮದಲ್ಲಿ ಫುಜಿತ್ಸುವಿನ ಮಾಜಿ ಎಂಜಿನಿಯರ್ ರಿಚರ್ಡ್ ರೋಲ್, ಶಾಖೆಯವರಿಗೆ ತಿಳಿಯದಂತೆ ಲೆಕ್ಕದೊಳಗೆ ಕೈಹಾಕಲು ಸಾಧ್ಯವಿತ್ತು ಎಂದು ಟಿವಿಯಲ್ಲೇ ಹೇಳಿದರು. ಯಾರ ಮೇಲೆ ಕಣ್ಣಿಡಬೇಕೋ ಅವರನ್ನೇ ಕೇಳಿ ಟಿಪ್ಪಣಿ ಬರೆದುಕೊಳ್ಳುವುದಕ್ಕೆ ಮೇಲ್ವಿಚಾರಣೆ ಎಂದು ಹೆಸರಿಟ್ಟರೆ, ದಾರಿ ತಪ್ಪಿಸುವುದಕ್ಕೆ ಕಂಪನಿ ಶ್ರಮಪಡಬೇಕಾಗಿಯೂ ಇಲ್ಲ. ಮಂತ್ರಿಗೆ ತಂತ್ರಾಂಶ ಗೊತ್ತಿಲ್ಲದಿರಬಹುದು. ಸ್ವತಂತ್ರ ತಜ್ಞರನ್ನು ನೇಮಿಸಿ ಎನ್ನಲು ತಂತ್ರಾಂಶ ಗೊತ್ತಿರಬೇಕಿಲ್ಲ.

ಕೊನೆಗೆ ಕೋರ್ಟು ಸತ್ಯ ಹೊರತಂದಿತಲ್ಲ, 2021ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ 39 ಜನರ ಶಿಕ್ಷೆ ರದ್ದು ಮಾಡಿತಲ್ಲ, ವ್ಯವಸ್ಥೆ ಕೆಲಸ ಮಾಡಿತಲ್ಲ ಎನ್ನುವವರೂ ಇದ್ದಾರೆ. ಕೋರ್ಟು ಸತ್ಯ ಕಂಡಿತು, ನಿಜ. 555 ಜನ ಒಟ್ಟಾಗಿ, ಹೊರಗಿನವರ ಬಂಡವಾಳದ ಬಲದಲ್ಲಿ ನಿಂತಾಗ. ಒಬ್ಬೊಬ್ಬರೇ ನಿಂತಾಗ ಅದೇ ದೇಶದ ಕೋರ್ಟುಗಳು ಅವರನ್ನು ಜೈಲಿಗೆ ಕಳಿಸಿದವು. ಈ ಹಗರಣದ ತನಿಖೆಗೆ ಕೂತ ಸರ್ ವಿನ್ ವಿಲಿಯಮ್ಸ್ ವಿಚಾರಣಾ ಆಯೋಗ 2025ರ ಜುಲೈನಲ್ಲಿ ಕೊಟ್ಟ ಮೊದಲ ಸಂಪುಟ, ಕನಿಷ್ಠ ಹದಿಮೂರು ಜನರ ಆತ್ಮಹತ್ಯೆಗೆ ಈ ಸಂಕಟ ಕಾರಣವಾಗಿರಬಹುದು ಎಂದು ದಾಖಲಿಸಿದೆ. ಅವರಿಗೆ ಯಾವ ವ್ಯವಸ್ಥೆಯೂ ಕೆಲಸ ಮಾಡಲಿಲ್ಲ.

ನಿಯಮ ಬರೆದರೆ ಸಾಕೇ ಎಂಬ ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವಂಥದು. ಸರ್ಕಾರದ ವ್ಯಾಜ್ಯವನ್ನು ಅಂಕೆಯಲ್ಲಿಡುವ ಪ್ರಯತ್ನಗಳು ಭಾರತದಲ್ಲಿ ಆಗಿವೆ. 1991ರಲ್ಲಿ ಒಎನ್‌ಜಿಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾರ್ವಜನಿಕ ಉದ್ಯಮಗಳೂ ಸರ್ಕಾರವೂ ತಮ್ಮತಮ್ಮಲ್ಲಿ ಕೋರ್ಟಿಗೆ ಹೋಗುವ ಮೊದಲು ಉನ್ನತಾಧಿಕಾರ ಸಮಿತಿಯೊಂದರ ಒಪ್ಪಿಗೆ ಪಡೆಯಬೇಕೆಂದಿತು. ಇಪ್ಪತ್ತು ವರ್ಷದಲ್ಲಿ ಆ ಸಮಿತಿಯೇ ವಿಳಂಬದ ಕಾರ್ಖಾನೆಯಾಗಿ, 2011ರಲ್ಲಿ ಸಂವಿಧಾನ ಪೀಠ ಆ ಆದೇಶಗಳನ್ನು ಹಿಂತೆಗೆದುಕೊಂಡಿತು. ಕನ್ನಡದ ಕವಿ, ಕಾದಂಬರಿಕಾರ ವೀರಪ್ಪ ಮೊಯಿಲಿ ಕೇಂದ್ರದ ಕಾನೂನು ಸಚಿವರಾಗಿದ್ದಾಗ 2010ರಲ್ಲಿ ರಾಷ್ಟ್ರೀಯ ವ್ಯಾಜ್ಯ ನೀತಿ ಮುಂದಿಟ್ಟರು. ಸರ್ಕಾರ ಜವಾಬ್ದಾರಿಯುತ ಕಕ್ಷಿದಾರನಾಗಬೇಕು, ಗೆದ್ದೇ ತೀರಬೇಕೆಂಬ ಹಟ ಬಿಡಬೇಕು ಎಂಬುದು ಅದರ ಸಾರ. ಸೀಮಾ ಮಿಶ್ರಾ ಜೈಲಿಗೆ ಹೋದ ವರ್ಷವೇ ಅದು. ಆಸ್ಟ್ರೇಲಿಯಾದಲ್ಲಿ ‘ಆದರ್ಶ ಕಕ್ಷಿದಾರ’ನ ಕರ್ತವ್ಯ ಕಾನೂನುಬದ್ಧ ನಿರ್ದೇಶನವಾಗಿಯೇ ಇದೆ. ಆದರೂ ಅಲ್ಲೇ ರೋಬೋಡೆಟ್ ಎಂಬ ಗಣಕೀಕೃತ ಸಾಲ ವಸೂಲಿ 2019ರವರೆಗೆ ನಡೆಯಿತು. ನ್ಯಾಯಮಂಡಳಿಗಳು ವಿರುದ್ಧ ತೀರ್ಪು ಕೊಟ್ಟಾಗ ಸರ್ಕಾರ ಮೇಲ್ಮನವಿಗೂ ಹೋಗದೆ, ವಸೂಲಿಯನ್ನೂ ನಿಲ್ಲಿಸದೆ ಮುಂದುವರಿಯಿತು. ಹಾಗಾಗಿ ಮುಂಗಡ ಅನುಮತಿಯ ಸಮಿತಿಯಾಗಲಿ, ಒಳ್ಳೆಯ ನಡತೆಯ ಘೋಷಣೆಯಾಗಲಿ ಸಾಲದು ಎಂದು ನಾನೂ ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಅದಕ್ಕಿಂತ ಕಿರಿದು, ಆದರೆ ಹೆಚ್ಚು ಮೊನಚು: ಒಂದೇ ಬಗೆಯ ಯಂತ್ರದಾಖಲೆ ಹಿಡಿದು ಸರ್ಕಾರಿ ಸಂಸ್ಥೆ ಹಲವರ ಮೇಲೆ ದಾವೆ ಹೂಡಿದಾಗ, ಆ ದಾಖಲೆ ವಿಶ್ವಾಸಾರ್ಹ ಎಂದು ಸಂಸ್ಥೆಗೆ ಸಂಬಂಧವಿಲ್ಲದ ತಜ್ಞರು ಬರೆದುಕೊಟ್ಟ ಅಭಿಪ್ರಾಯ ಇಲಾಖೆಯ ಕಾರ್ಯದರ್ಶಿಯ ಕಡತದಲ್ಲಿರಬೇಕು, ಅದನ್ನು ಓದಿದ್ದೇನೆಂದು ಅವರ ರುಜು ಇರಬೇಕು, ಆ ಅಭಿಪ್ರಾಯ ಪ್ರತಿವಾದಿಗೂ ಸಿಗಬೇಕು. ದಾವೆ ಹೂಡಬೇಡಿ ಎಂದು ಯಾರೂ ತಡೆಯುತ್ತಿಲ್ಲ. ಗೊತ್ತಿರಲಿಲ್ಲ ಎನ್ನಲು ಮಾತ್ರ ಆಗ ಎಡೆಯಿರುವುದಿಲ್ಲ.

ಸಾಕ್ಷ್ಯದ ಕಾನೂನು ಇಲ್ಲಿ ಸೇರಿಕೊಳ್ಳುತ್ತದೆ. 1984ರ ಇಂಗ್ಲಿಷ್ ಕಾಯ್ದೆಯೊಂದರ 69ನೇ ಕಲಮಿನ ಪ್ರಕಾರ, ಕ್ರಿಮಿನಲ್ ಪ್ರಕರಣದಲ್ಲಿ ಕಂಪ್ಯೂಟರ್ ದಾಖಲೆ ತರುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕಿತ್ತು. ಕಾನೂನು ಆಯೋಗದ ಶಿಫಾರಸಿನ ಮೇಲೆ ಆ ಕಲಮನ್ನು 1999ರಲ್ಲಿ ರದ್ದು ಮಾಡಿದರು. ಯಂತ್ರ ಸರಿಯಾಗಿಯೇ ಇತ್ತೆಂದು ಊಹಿಸುವ ಹಳೆಯ ಪೂರ್ವಗ್ರಹಿಕೆ ಆ ಜಾಗಕ್ಕೆ ಬಂತು. ಹೊರೈಜನ್ ಕೌಂಟರುಗಳಿಗೆ ಬಂದದ್ದೂ ಅದೇ ಹೊತ್ತಿಗೆ. ಭಾರತ ಅದಕ್ಕೆ ತದ್ವಿರುದ್ಧ ನಡೆಯಿತು: ಇಂಗ್ಲೆಂಡ್ ಆಗಲೇ ಕೈಬಿಟ್ಟಿದ್ದ 1968ರ ಸಿವಿಲ್ ಸಾಕ್ಷ್ಯ ಕಾಯ್ದೆಯ ಮಾದರಿಯನ್ನು 2000ದಲ್ಲಿ 65ಬಿ ಕಲಮಾಗಿ ತಂದಿತು. ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಪ್ರಮಾಣಪತ್ರಕ್ಕೆ ತಜ್ಞರ ರುಜುವೂ ಸೇರಿದೆ. ಪ್ರಮಾಣಪತ್ರಗಳು ಮುದ್ರಿತ ನಮೂನೆಗೆ ಹಾಕುವ ರುಜುವಾಗಿಬಿಡುವ ಅಪಾಯ ನಮಗೆ ಚೆನ್ನಾಗಿ ಗೊತ್ತು. ಆದರೂ ಯಂತ್ರ ಸರಿಯಿದೆಯೆಂದು ಹೇಳುವ ಹೊರೆ ದಾಖಲೆ ತರುವವನ ಮೇಲಿರಬೇಕು ಎಂಬುದರಲ್ಲಿ ನಮ್ಮ ಹಳೆಯ ಮಾದರಿ ಅವರ ಹೊಸ ಮಾದರಿಗಿಂತ ವಾಸಿ.

ಬ್ರಿಟನ್ನಿನಲ್ಲಿ ಈ ಹಗರಣದ ಕುರಿತ 2024ರ ಜನವರಿಯ ಟಿವಿ ನಾಟಕ ಜನರನ್ನು ಕೆರಳಿಸಿದ ಮೇಲೆ ಅದೇ ವರ್ಷದ ಮೇ 24ರಂದು ಒಂದು ಕಾಯ್ದೆ ಬಂದು ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ನೂರಾರು ಜನರ ಶಿಕ್ಷೆಯನ್ನು ಒಟ್ಟಿಗೆ ಅಳಿಸಿಹಾಕಿತು. ಸ್ಕಾಟ್ಲೆಂಡ್ ತನ್ನದೇ ಕಾಯ್ದೆ ಮಾಡಿತು. 2025ರ ಜನವರಿಯಲ್ಲಿ ನ್ಯಾಯ ಇಲಾಖೆ ಕಂಪ್ಯೂಟರ್ ಸಾಕ್ಷ್ಯದ ಪೂರ್ವಗ್ರಹಿಕೆಯ ಬಗ್ಗೆ ಅಭಿಪ್ರಾಯ ಆಹ್ವಾನಿಸಿತು. ಇವೆಲ್ಲವೂ ಕ್ರಿಮಿನಲ್ ಪ್ರಕರಣಗಳಿಗೆ ಸೀಮಿತ. ಕಂಪನಿಯೂ ಇಲಾಖೆಯೂ ಹೇಗೆ ನಡೆದುಕೊಳ್ಳಬೇಕೆಂಬ ಚೌಕಟ್ಟು ದಾಖಲೆ 2020ರಲ್ಲಿ ಬಂತು. ಅದು ಇಬ್ಬರ ನಡುವಿನ ಒಪ್ಪಂದ, ಪಾರ್ಲಿಮೆಂಟು ಮಾಡಿದ ಕಾನೂನಲ್ಲ. ಸಿವಿಲ್ ದಾವೆಗಳ ಡಿಕ್ರಿಗಳನ್ನು ಯಾವ ಕಾಯ್ದೆಯೂ ಮುಟ್ಟಿಲ್ಲ. ಹೀಗಾಗಿ 2007ರಲ್ಲಿ ಸೋತು ದಿವಾಳಿಯಾದ ಕ್ಯಾಸಲ್‌ಟನ್, ತಮ್ಮ ಮೇಲಿನ ಆ ತೀರ್ಪನ್ನು ತೆಗೆಸಿಹಾಕಲು ಪೋಸ್ಟ್ ಆಫೀಸ್ ಮತ್ತು ಫುಜಿತ್ಸು ಎರಡರ ಮೇಲೂ ತಾವೇ ದಾವೆ ಹೂಡಿದ್ದಾರೆ. ಒಂದನೇ ಪ್ರತಿವಾದಿಯ ಅಷ್ಟೂ ಷೇರು ಈಗಲೂ ಸರ್ಕಾರದ ಕೈಯಲ್ಲಿದೆ.